ಪಾಠ ಇನ್ನೊಂದು ಸಲ: ನಮ್ಮ ಶಾಲೆಯಲ್ಲಿ ಮಿಶ್ರ ಕಲಿಕೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2004ರ ಎಸ್ಸೆಸ್ಸೆಲ್ಸಿ ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ "ಪ್ರೌಢಶಾಲೆಯಲ್ಲಿ ಮಿಶ್ರ ಕಲಿಕೆ". ಇಂಗ್ಲಿಷಿನಲ್ಲಿ ಬ್ಲೆಂಡೆಡ್ ಲರ್ನಿಂಗ್ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಅಷ್ಟು ದೊಡ್ಡದಲ್ಲ. ನಾನು ಶಿಕ್ಷಣ ತಜ್ಞನಲ್ಲ. ಊರಿನಲ್ಲಿ ನನ್ನನ್ನು "ಇಂಜಿನಿಯರ್ ಬಂದ" ಅನ್ನುತ್ತಾರೆ, ಆದರೆ ಬೋರ್‌ವೆಲ್ ಮೋಟಾರು ಕೆಟ್ಟರೆ ನಾನು ಯಾವ ಉಪಯೋಗಕ್ಕೂ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿದೆ. ಕಂಪ್ಯೂಟರಿನ ಕೆಲಸ ಸ್ವಲ್ಪ ಗೊತ್ತು. ಈ ಶಾಲೆಯಲ್ಲಿ ಎರಡು ಸಲ ಆ ಕೆಲಸ ಮಾಡಲು ಹೋದೆ. ಒಂದು ಸಲ ಸೋತೆ. ಇನ್ನೊಂದು ಸಲ ಸ್ವಲ್ಪ ದಾರಿ ಸಿಕ್ಕಿತು. ಆ ಎರಡನ್ನೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನನ್ನ ಬೆಂಚಿನ ಗೆಳೆಯ

ಮೊದಲು ಒಬ್ಬ ಗೆಳೆಯನ ವಿಷಯ ಹೇಳಬೇಕು. ಅವನು ಇವತ್ತು ಈ ಸಭೆಯಲ್ಲಿದ್ದಾನೆ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳು, ಆದರೆ ಹೆಸರು ಹೇಳಬೇಡ" ಅಂದಿದ್ದಾನೆ.

ಎಂಟರಿಂದ ಹತ್ತನೇ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚು. ಅವನು ನನಗಿಂತ ಚುರುಕು. ಒಂದು ಲೋಡಿನಲ್ಲಿ ಎಷ್ಟು ತೆಂಗಿನಕಾಯಿ, ಸಾವಿರಕ್ಕೆ ಇಷ್ಟಾದರೆ ಒಟ್ಟು ಎಷ್ಟು ಎಂದು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದ. ಹತ್ತನೇ ತರಗತಿಯ ವರ್ಷ ಅವರಪ್ಪನಿಗೆ ಹುಷಾರು ತಪ್ಪಿತು. ರಾಗಿ ಕೊಯ್ಲಿನ ಹೊತ್ತಿಗೆ ಮೂರು ವಾರ ಶಾಲೆಗೆ ಬರಲಿಲ್ಲ. ಆ ಮೂರು ವಾರದಲ್ಲಿ ಥೇಲ್ಸನ ಪ್ರಮೇಯ ಮುಗಿದುಹೋಗಿತ್ತು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಅನ್ನುವ ಪ್ರಮೇಯ. ಮುಂದಿನ ಸಮರೂಪ ತ್ರಿಭುಜಗಳ ಪಾಠವೆಲ್ಲ ಅದರ ಮೇಲೆಯೇ ನಿಂತಿದೆ. ಅವನು ವಾಪಸ್ಸು ಬಂದಾಗ ಬೋರ್ಡಿನ ಮೇಲೆ ಏನು ನಡೆಯುತ್ತಿದೆ ಎಂಬುದೇ ತಿಳಿಯಲಿಲ್ಲ. ನನ್ನ ನೋಟ್ಸ್ ಬರೆದುಕೊಂಡ. ಆದರೆ ನನ್ನ ನೋಟ್ಸಿನಲ್ಲಿ ಉತ್ತರ ಇತ್ತು, ವಿವರಣೆ ಇರಲಿಲ್ಲ.

ನಮ್ಮ ಗಣಿತ ಮೇಷ್ಟ್ರ ತಪ್ಪೇನೂ ಇರಲಿಲ್ಲ. ತರಗತಿಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್ಡು. ಒಬ್ಬನಿಗಾಗಿ ಮೂರು ವಾರದ ಪಾಠ ಮತ್ತೆ ಹೇಳಲು ಅವರಿಗೆ ಹೊತ್ತು ಎಲ್ಲಿತ್ತು? ಗೆಳೆಯ ಗಣಿತದಲ್ಲಿ ಫೇಲಾದ. ಸಪ್ಲಿಮೆಂಟರಿಗೆ ಕಟ್ಟಲಿಲ್ಲ. ತೋಟದ ಕೆಲಸಕ್ಕೆ ಇಳಿದ.

ನಾನು ಪಾಸಾಗಿ ತಿಪಟೂರಿಗೆ ಪಿಯುಸಿ ಓದಲು ಹೋದೆ. ಕನ್ನಡ ಮಾಧ್ಯಮದಿಂದ ಹೋದವನಿಗೆ ವಿಜ್ಞಾನ ಇಂಗ್ಲಿಷಿನಲ್ಲಿ. ಹೇಗೋ ದಡ ಸೇರಿ ಇಂಜಿನಿಯರಿಂಗ್ ಸೇರಿದೆ. ಎರಡನೇ ವರ್ಷದ ಒಂದು ವಿಷಯ ಎಷ್ಟು ಕೇಳಿದರೂ ತಲೆಗೆ ಹತ್ತಲಿಲ್ಲ. ಆಗ ಕಾಲೇಜು ಲೈಬ್ರರಿಯ ಕಂಪ್ಯೂಟರಿನಲ್ಲಿ ಎನ್‌ಪಿಟಿಇಎಲ್ ಪಾಠಗಳು ಕಣ್ಣಿಗೆ ಬಿದ್ದವು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಅದು. ದೊಡ್ಡ ಪ್ರಾಧ್ಯಾಪಕರು ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತಿದ್ದರು. ನನಗೆ ಅರ್ಥವಾಗದ ಕಡೆ ನಿಲ್ಲಿಸಿದೆ. ಹಿಂದಕ್ಕೆ ಹೋದೆ. ಮತ್ತೆ ಕೇಳಿದೆ. ಒಂದೇ ಪಾಠವನ್ನು ನಾಲ್ಕು ಸಲ ಕೇಳಿದ್ದೇನೆ. ಒಂದು ಸಲವೂ ಆ ಮೇಷ್ಟ್ರು "ಎಷ್ಟು ಸಲ ಹೇಳಬೇಕೋ ನಿನಗೆ" ಅನ್ನಲಿಲ್ಲ.

ಅವತ್ತು ನನಗೆ ಬೆಂಚಿನ ಗೆಳೆಯ ನೆನಪಾದ. ಅವನಿಗೂ ನನಗೂ ಇದ್ದ ವ್ಯತ್ಯಾಸ ಬುದ್ಧಿಯದ್ದಲ್ಲ. ನನಗೆ ಪಾಠ ಇನ್ನೊಂದು ಸಲ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಅಷ್ಟೇ.

ಮಿಶ್ರ ಕಲಿಕೆ ಎಂದರೇನು?

ಮಿಶ್ರ ಕಲಿಕೆ ಎಂದರೆ ಮೇಷ್ಟ್ರು ಎದುರಿಗಿದ್ದು ಕಲಿಸುವ ಪಾಠವನ್ನೂ, ಮಗು ಕಂಪ್ಯೂಟರ್ ಅಥವಾ ಟ್ಯಾಬ್‌ನ ಸಹಾಯದಿಂದ ತನ್ನ ವೇಗದಲ್ಲಿ ಕಲಿಯುವುದನ್ನೂ ಒಂದೇ ಯೋಜನೆಯಲ್ಲಿ ಹೊಂದಿಸುವುದು. "ಒಂದೇ ಯೋಜನೆಯಲ್ಲಿ" ಅನ್ನುವ ಮಾತು ಮುಖ್ಯ. ಮೇಷ್ಟ್ರು ರಜೆ ಹಾಕಿದ ದಿನ ಮಕ್ಕಳನ್ನು ಟಿವಿ ಮುಂದೆ ಕೂರಿಸಿದರೆ ಅದು ಮಿಶ್ರ ಕಲಿಕೆಯಲ್ಲ. ಪಠ್ಯಪುಸ್ತಕವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರೂ ಅಲ್ಲ. ಮಗು ಪರದೆಯಲ್ಲಿ ಏನು ಕಲಿತಿತು, ಎಲ್ಲಿ ಎಡವಿತು ಎನ್ನುವುದು ಮೇಷ್ಟ್ರಿಗೆ ಗೊತ್ತಾಗಬೇಕು. ಅದನ್ನು ನೋಡಿಕೊಂಡು ಅವರು ಮಾರನೇ ದಿನದ ಪಾಠ ಬದಲಿಸಬೇಕು. ಆಗ ಎರಡೂ ಬೆರೆತ ಹಾಗೆ.

ಇದರ ಒಂದು ಬಗೆಗೆ ಫ್ಲಿಪ್ಡ್ ಕ್ಲಾಸ್‌ರೂಂ, ಅಂದರೆ ತಿರುವುಮುರುವು ತರಗತಿ ಎಂಬ ಹೆಸರಿದೆ. ಅದು ಹೆಸರಾದದ್ದು ಅಮೆರಿಕದ ಕೊಲೊರಾಡೊ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್ ಎಂಬ ಊರಿನ ಹೈಸ್ಕೂಲಿನಿಂದ. ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರದ ಮೇಷ್ಟ್ರುಗಳು 2007ರಲ್ಲಿ ತಮ್ಮ ಪಾಠಗಳನ್ನು ವಿಡಿಯೋ ಮಾಡಲು ತೊಡಗಿದರು. ಕಾರಣ ಬಹಳ ಸರಳ. ಅವರ ಮಕ್ಕಳು ಆಟೋಟಗಳಿಗೆಂದು ದೂರದ ಊರುಗಳಿಗೆ ಹೋಗಿ ತರಗತಿ ತಪ್ಪಿಸಿಕೊಳ್ಳುತ್ತಿದ್ದರು. ತಪ್ಪಿದ ಪಾಠ ಅವರಿಗೆ ಸಿಗಲಿ ಎಂದು ಶುರುವಾದದ್ದು, ಆಮೇಲೆ ಎಲ್ಲರಿಗೂ ಪಾಠ ಮನೆಯಲ್ಲಿ, ಲೆಕ್ಕ ಬಿಡಿಸುವುದು ತರಗತಿಯಲ್ಲಿ ಎಂದಾಯಿತು. ನಮ್ಮ ಮಕ್ಕಳು ಕೊಯ್ಲಿಗೆ, ಜಾತ್ರೆಗೆ, ಅಕ್ಕನ ಬಾಣಂತನಕ್ಕೆ ತರಗತಿ ತಪ್ಪಿಸಿಕೊಳ್ಳುತ್ತಾರೆ. ಕಾರಣ ಬೇರೆ, ಕಷ್ಟ ಒಂದೇ.

ಆದರೆ ಅಲ್ಲಿಯ ಹಾಗೆ ಇಲ್ಲಿ ಮಾಡಲಾಗದು ಎನ್ನುವುದನ್ನು ಕೊರೊನಾ ನಮಗೆ ಕಲಿಸಿತು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದವು. ಚಂದನ ವಾಹಿನಿಯಲ್ಲಿ ಪಾಠ ಬಂತು. ಮೇಷ್ಟ್ರುಗಳು ವಿದ್ಯಾಗಮ ಯೋಜನೆಯಲ್ಲಿ ದೇವಸ್ಥಾನದ ಜಗಲಿ, ಅರಳಿಕಟ್ಟೆ ಎಂದು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳಿದರು. ಆಗ ನನ್ನ ಅಕ್ಕನ ಮಗಳು ಒಂಬತ್ತನೇ ತರಗತಿ. ಮನೆಗೆ ಒಂದೇ ಸ್ಮಾರ್ಟ್‌ಫೋನು, ಅದು ಭಾವನ ಜೇಬಿನಲ್ಲಿ. ಭಾವ ತೋಟದಿಂದ ಬರುವುದು ರಾತ್ರಿ ಎಂಟಕ್ಕೆ. ಬಂದ ಮೇಲೆ ಫೋನು ತಮ್ಮನ ಕೈಗೆ, ಅವನ ಆಟ ಮುಗಿದ ಮೇಲೆ ಅಕ್ಕನಿಗೆ. ಆ ಹೊತ್ತಿಗೆ ಚಾರ್ಜೂ ಮುಗಿದಿರುತ್ತಿತ್ತು, ಡೇಟಾನೂ ಮುಗಿದಿರುತ್ತಿತ್ತು. "ಹೆಣ್ಣುಮಕ್ಕಳಿಗೆ ಫೋನ್ ಯಾಕೆ" ಅನ್ನುವ ಮಾತೂ ಮನೆಯಲ್ಲಿ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಹಾಗಾಗಿ ಮನೆಯ ಫೋನನ್ನು ನಂಬಿ ಪಾಠದ ಯೋಜನೆ ಹಾಕಿದರೆ ಮೊದಲು ಹಿಂದೆ ಬೀಳುವವರು ಹೆಣ್ಣುಮಕ್ಕಳು ಮತ್ತು ಬಡವರ ಮಕ್ಕಳು. ಯಾರಿಗೆ ಪಾಠ ಇನ್ನೊಂದು ಸಲ ಬೇಕೋ ಅವರಿಗೇ ಅದು ಸಿಗುವುದಿಲ್ಲ.

ನಾನು ಮಾಡಿದ ತಪ್ಪು

ಈಗ ನನ್ನ ಸೋಲಿನ ಕಥೆ. 2017ರಲ್ಲಿ ನಮ್ಮ ತಂಡದವರು ಹಣ ಕೂಡಿಸಿ ಶಾಲೆಗೆ ಒಂದು ಪ್ರೊಜೆಕ್ಟರ್, ಒಂದು ಪರದೆ, ಒಂದು ಲ್ಯಾಪ್‌ಟಾಪ್ ಕೊಟ್ಟೆವು. ರಿಬ್ಬನ್ ಕತ್ತರಿಸಿದೆವು, ಶಾಲು ಹೊದಿಸಿಕೊಂಡೆವು, ಫೋಟೋ ತೆಗೆಸಿಕೊಂಡೆವು. ನಾನೇ "ಇನ್ನು ನಮ್ಮ ಶಾಲೆ ಸ್ಮಾರ್ಟ್ ಶಾಲೆ" ಎಂದು ಭಾಷಣ ಮಾಡಿದೆ.

ಎರಡು ವರ್ಷ ಬಿಟ್ಟು ಬಂದಾಗ ಪ್ರೊಜೆಕ್ಟರ್ ಬೀರುವಿನಲ್ಲಿತ್ತು. ಮೇಲೆ ಹೊದಿಸಿದ್ದ ಬಟ್ಟೆ ಮಾತ್ರ ಚೆನ್ನಾಗಿತ್ತು. ನನಗೆ ಸಿಟ್ಟು ಬಂತು. ಆಮೇಲೆ ಕುಳಿತು ಕೇಳಿದಾಗ ನಾಚಿಕೆಯಾಯಿತು. ಪಾಠದ ಹೊತ್ತಿಗೆ ಕರೆಂಟ್ ಇರುತ್ತಿರಲಿಲ್ಲ, ನಾವು ಯುಪಿಎಸ್ ಕೊಟ್ಟಿರಲಿಲ್ಲ. ಕೋಣೆಯಲ್ಲಿ ಬೆಳಕು ಜಾಸ್ತಿ, ಪರದೆ ಕಾಣುತ್ತಿರಲಿಲ್ಲ, ನಾವು ಕಿಟಕಿಗೆ ಕರ್ಟನ್ ಹಾಕಿಸಿರಲಿಲ್ಲ. ಪ್ರೊಜೆಕ್ಟರ್ ಜೋಡಿಸಿ ಶುರು ಮಾಡುವಷ್ಟರಲ್ಲಿ ಪೀರಿಯಡ್ಡಿನ ಕಾಲುಭಾಗ ಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, "ನಿಮಗೆ ಏನು ಬೇಕು" ಎಂದು ನಾವು ಒಬ್ಬ ಶಿಕ್ಷಕರನ್ನೂ ಕೇಳಿರಲಿಲ್ಲ. ನಮಗೆ ಕೊಡಬೇಕು ಅನ್ನಿಸಿದ್ದನ್ನು ಕೊಟ್ಟಿದ್ದೆವು.

ಇಂಥ ತಪ್ಪು ನಾವೊಬ್ಬರೇ ಮಾಡಿದ್ದಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳನ್ನು ಸೇರಿಸಿ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮಕ್ಕಳ ಕೈಗೆ ಕಂಪ್ಯೂಟರ್ ಬಂದದ್ದು ನಿಜ. ಆದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ ಪುರಾವೆ ಸಿಗಲಿಲ್ಲ. ಪಾಠದ ರೀತಿ ಬದಲಾಗದೆ ಯಂತ್ರ ಮಾತ್ರ ಬಂದರೆ ಹೀಗೆಯೇ ಆಗುತ್ತದೆ. ಒಲೆ ಹೊಸದಾದ ಮಾತ್ರಕ್ಕೆ ಸಾರು ರುಚಿಯಾಗುವುದಿಲ್ಲ.

ಎರಡನೆಯ ಸಲ

2022ರಲ್ಲಿ ಮತ್ತೆ ಬಂದೆ. ಈ ಸಲ ಕೈಯಲ್ಲಿ ಏನೂ ತರಲಿಲ್ಲ. ಗಣಿತ ಮತ್ತು ವಿಜ್ಞಾನ ಹೇಳುವ ಮೇಡಂ ಅವರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ನಾಲ್ಕು ದಿನ ಕುಳಿತೆ. ಹತ್ತನೇ ತರಗತಿಯಲ್ಲಿ 36 ಮಕ್ಕಳು. ಕೆಲವರಿಗೆ ಹತ್ತನೇ ತರಗತಿಯ ಲೆಕ್ಕ ನೀರು ಕುಡಿದ ಹಾಗೆ. ಕೆಲವರಿಗೆ ಭಿನ್ನರಾಶಿ ಕೂಡುವುದು ಇನ್ನೂ ತಡವರಿಕೆ. ಕೊರೊನಾದ ಎರಡು ವರ್ಷ ಆ ಅಂತರವನ್ನು ಇನ್ನೂ ಹಿಗ್ಗಿಸಿತ್ತು. "ಯಾರಿಗೆ ಅಂತ ಪಾಠ ಮಾಡ್ಲಿ ಸರ್? ಮುಂದಿನವರಿಗೆ ಮಾಡಿದ್ರೆ ಹಿಂದಿನವರು ಕಳೆದುಹೋಗ್ತಾರೆ. ಹಿಂದಿನವರಿಗೆ ಮಾಡಿದ್ರೆ ಮುಂದಿನವರು ಆಕಳಿಸ್ತಾರೆ" ಎಂದು ಮೇಡಂ ಹೇಳಿದರು. ಇದು ನಮ್ಮ ಶಾಲೆಯೊಂದರ ಕಷ್ಟವಲ್ಲ, ದೇಶದ ಎಲ್ಲ ಕಡೆಯ ಕಷ್ಟ.

ಆಮೇಲೆ ಇಬ್ಬರೂ ಸೇರಿ ಯೋಚಿಸಿದೆವು. ಆರು ಟ್ಯಾಬ್ ತಂದೆವು. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೆ ಕೋಲಿಬ್ರಿ ಎಂಬ ಉಚಿತ ತಂತ್ರಾಂಶ ಹಾಕಿದೆವು. ಇಂಟರ್ನೆಟ್ ಇಲ್ಲದ ಶಾಲೆಗಳಿಗೆಂದೇ ಮಾಡಿದ ತಂತ್ರಾಂಶ ಅದು. ಪಾಠಗಳನ್ನು ನಾನು ಬೆಂಗಳೂರಿನಲ್ಲಿ ಒಮ್ಮೆ ತುಂಬಿಸಿ ತರುತ್ತೇನೆ. ಇಲ್ಲಿ ಆ ಪುಟ್ಟ ಪೆಟ್ಟಿಗೆಯೇ ಕೋಣೆಯೊಳಗೆ ವೈಫೈ ಕೊಡುತ್ತದೆ. ಟ್ಯಾಬ್‌ಗಳು ಅದರಿಂದ ಪಾಠ ತೆಗೆದುಕೊಳ್ಳುತ್ತವೆ. ನೆಟ್‌ವರ್ಕ್ ಬೇಡ, ಡೇಟಾ ಖರ್ಚಿಲ್ಲ, ಯೂಟ್ಯೂಬಿನ ಹಾವಳಿಯಿಲ್ಲ. ಕರೆಂಟ್ ಹೋದರೆ ಒಂದು ಸಣ್ಣ ಬ್ಯಾಟರಿ ಸಾಕು.

ಪಾಠ ಎಲ್ಲಿಂದ? ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇರುವುದನ್ನು ನೀವು ನೋಡಿದ್ದೀರಿ. ಅದು ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ದೀಕ್ಷಾ ತಾಣದ ಪಾಠಗಳಿಗೆ ದಾರಿ. ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲೂ ಇವೆ. ವಿಜ್ಞಾನಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಆಟದಂಥ ಪ್ರಯೋಗಗಳಿವೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು ಮಾರನೆಯ ವರ್ಷ ಅದನ್ನು ಆರಂಭಿಸಿದರು. ಎಲ್ಲವೂ ಉಚಿತ.

ಮೊದಲ ತಿಂಗಳು ಎಲ್ಲ ಎಡವಟ್ಟೇ. ನಾನು ಹಾಕಿದ್ದ ಒಂದು ವಿಡಿಯೋ ಇಪ್ಪತ್ತು ನಿಮಿಷದ್ದು, ಮಕ್ಕಳು ತೂಕಡಿಸಿದರು. ಇನ್ನೊಂದರ ಕನ್ನಡ ಪುಸ್ತಕದ ಕನ್ನಡಕ್ಕಿಂತ ಬಿಗಿಯಾಗಿತ್ತು. ಕೊನೆಗೆ ಮೇಡಂ ತಮ್ಮ ಮೊಬೈಲನ್ನು ಬೆಂಚಿನ ಮೇಲೆ ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿ, ಆರು ನಿಮಿಷದ ಪಾಠ ತಾವೇ ರೆಕಾರ್ಡ್ ಮಾಡಿದರು. ಹಿಂದೆ ಬಿಸಿಯೂಟದ ತಟ್ಟೆಗಳ ಸದ್ದೂ ಕೇಳುತ್ತದೆ. ಮಕ್ಕಳು ಅದನ್ನೇ ಕೇಳಿ ಕೇಳಿ ನೋಡಿದರು. "ನಮ್ ಮಿಸ್ ಟ್ಯಾಬಲ್ಲಿ ಬಂದವ್ರೆ" ಎಂದು ಕುಣಿದರು. ತಿಳಿದ ದನಿ, ತಿಳಿದ ಮಾತು. ಅದಕ್ಕೆ ಸಮನಾದ ವಿಡಿಯೋ ಜಗತ್ತಿನಲ್ಲಿ ಯಾವ ಕಂಪನಿಯೂ ಮಾಡಿಕೊಡಲಾರದು.

ನಾನೂ ಒಂದು ಎಡವಟ್ಟು ಮಾಡಿದೆ. ಪ್ರತಿ ಪಾಠದ ಕೊನೆಗೆ ಮೂರು ಪ್ರಶ್ನೆ ಇಟ್ಟಿದ್ದೆವು. ಉತ್ತರಗಳನ್ನೆಲ್ಲ ಸೇರಿಸಿ ಬಣ್ಣಬಣ್ಣದ ನಕ್ಷೆ, ಶೇಕಡಾವಾರು, ಹೋಲಿಕೆ ಎಂದು ಬಹಳ ಚೆನ್ನಾದ ಒಂದು ವರದಿ ತಯಾರಿಸಿ ಮೇಡಂಗೆ ತೋರಿಸಿದೆ. ಅವರು ನೋಡಿ, "ಸರ್, ಇದೆಲ್ಲ ಬೇಡ. ನಾಳೆ ನಾನು ಯಾರ ಪಕ್ಕ ಕೂತ್ಕೋಬೇಕು, ಅಷ್ಟು ಹೇಳಿ ಸಾಕು" ಅಂದರು. ಎಲ್ಲ ನಕ್ಷೆ ತೆಗೆದುಹಾಕಿದೆ. ಈಗ ಬೆಳಿಗ್ಗೆ ಅವರ ಫೋನಿಗೆ ಬರುವುದು ನಾಲ್ಕೈದು ಹೆಸರು, ಪ್ರತಿ ಹೆಸರಿನ ಮುಂದೆ ತಪ್ಪಾದ ಪ್ರಶ್ನೆ. ನನ್ನ ಹದಿನಾಲ್ಕು ವರ್ಷದ ವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ವರದಿ ಅದು. ಅತ್ಯಂತ ಉಪಯೋಗಕ್ಕೆ ಬಂದದ್ದೂ ಅದೇ.

ತರಗತಿ ನಡೆಯುವುದು ಹೀಗೆ. ವಾರಕ್ಕೆರಡು ದಿನ ಜೋಡಿ ಪೀರಿಯಡ್ಡು, ಎಂಬತ್ತು ನಿಮಿಷ. ಮಕ್ಕಳು ಹನ್ನೆರಡು ಹನ್ನೆರಡರಂತೆ ಮೂರು ಗುಂಪು. ಒಂದು ಗುಂಪು ಆರು ಟ್ಯಾಬ್‌ಗಳ ಮುಂದೆ ಇಬ್ಬಿಬ್ಬರಾಗಿ. ಇನ್ನೊಂದು ಗುಂಪು ನೆಲದ ಮೇಲೆ ಪ್ರಯೋಗ ಅಥವಾ ಲೆಕ್ಕ ಬಿಡಿಸುತ್ತಾ. ಮೂರನೆಯದು ಮೇಡಂ ಸುತ್ತ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಗುಂಪು ಬದಲು. ಎಂಬತ್ತು ನಿಮಿಷದಲ್ಲಿ ಪ್ರತಿಯೊಂದು ಮಗುವೂ ಮೇಡಂ ಜೊತೆ ಹನ್ನೆರಡೇ ಜನರ ಗುಂಪಿನಲ್ಲಿ ಇಪ್ಪತ್ತೈದು ನಿಮಿಷ ಕೂರುತ್ತದೆ. ಅರವತ್ತು ಜನರ ತರಗತಿಯಲ್ಲಿ ಓದಿದ ನನಗೆ ಮೂರು ವರ್ಷದಲ್ಲಿ ಒಂದು ದಿನವೂ ಅಂಥ ಇಪ್ಪತ್ತೈದು ನಿಮಿಷ ಸಿಕ್ಕಿರಲಿಲ್ಲ. ಈ ಏರ್ಪಾಡಿನ ನಿಜವಾದ ಲಾಭ ಇದು. ಟ್ಯಾಬ್ ಕಲಿಸುತ್ತದೆ ಎನ್ನುವುದಕ್ಕಿಂತ, ಟ್ಯಾಬ್ ಮೇಷ್ಟ್ರ ಸಮಯ ಉಳಿಸಿಕೊಡುತ್ತದೆ ಎನ್ನುವುದು ಸರಿ.

ಒಂದು ಉದಾಹರಣೆ ಹೇಳುತ್ತೇನೆ. ವಿದ್ಯುಚ್ಛಕ್ತಿ ಪಾಠ. ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದರಲ್ಲಿ ಹೆಚ್ಚು ಕರೆಂಟ್ ಹರಿಯುತ್ತದೆ ಎಂಬ ಪ್ರಶ್ನೆಗೆ ಬಹಳ ಮಕ್ಕಳು "ಮೊದಲನೆಯದರಲ್ಲಿ" ಎಂದು ಉತ್ತರ ಕೊಟ್ಟಿದ್ದರು. ಮೊದಲ ಬಲ್ಬು ಸ್ವಲ್ಪ ಕರೆಂಟ್ ತಿಂದುಬಿಡುತ್ತದೆ, ಮುಂದಿನದಕ್ಕೆ ಕಡಿಮೆ ಎಂದು ಅವರ ಲೆಕ್ಕ. ಅದು ತಪ್ಪು, ಸರಣಿಯಲ್ಲಿ ಎಲ್ಲ ಕಡೆ ಒಂದೇ ಕರೆಂಟ್. ಫೆಟ್ ಪ್ರಯೋಗದಲ್ಲಿ ಮಕ್ಕಳು ತಾವೇ ಆಮ್ಮೀಟರನ್ನು ಬಲ್ಬಿನ ಹಿಂದೆಯೂ ಮುಂದೆಯೂ ಇಟ್ಟು ನೋಡಿದರು. ಎರಡೂ ಕಡೆ ಒಂದೇ ಅಂಕಿ. ಪಕ್ಕದ ಗುಂಪು ಟಾರ್ಚಿನ ಸೆಲ್ಲು, ನಿಜವಾದ ಬಲ್ಬು ಹಿಡಿದು ಅದನ್ನೇ ಮಾಡಿತು. ಆದರೂ ಒಬ್ಬ ಹುಡುಗ ಒಪ್ಪಲಿಲ್ಲ. ಮೇಡಂ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಿನಗೆ ಹಾಗೆ ಯಾಕೆ ಅನ್ಸುತ್ತೆ?" ಎಂದು ಕೇಳಿದರು. "ನಮ್ ಡ್ರಿಪ್ ಪೈಪಲ್ಲಿ ಮೊದಲನೇ ಗಿಡಕ್ಕೆ ನೀರು ಜಾಸ್ತಿ ಮಿಸ್, ಕೊನೇದಕ್ಕೆ ಕಮ್ಮಿ" ಅಂದ. ಹುಡುಗ ದಡ್ಡನಲ್ಲ ನೋಡಿ. ತೋಟದಲ್ಲಿ ಕಂಡದ್ದನ್ನು ಇಲ್ಲಿಗೆ ತಂದಿದ್ದ. ಡ್ರಿಪ್ಪಿನಲ್ಲಿ ನೀರು ಪ್ರತಿ ಗಿಡದ ಬುಡದಲ್ಲಿ ಹೊರಗೆ ಹೋಗುತ್ತದೆ, ತಂತಿಯಲ್ಲಿ ಹೊರಗೆ ಹೋಗುವ ದಾರಿಯಿಲ್ಲ, ಸುತ್ತಿ ಬ್ಯಾಟರಿಗೇ ವಾಪಸ್ಸು ಬರಬೇಕು ಎಂದು ಮೇಡಂ ಹೇಳಿದಾಗ ಅವನ ಮುಖ ಅರಳಿತು. ಅವನ ಉತ್ತರ ತಪ್ಪು ಎಂದು ಟ್ಯಾಬ್ ಹೇಳಬಲ್ಲದು. ಆ ತಪ್ಪು ಡ್ರಿಪ್ ಪೈಪಿನಿಂದ ಬಂದಿದೆ ಎಂದು ಕಂಡುಹಿಡಿಯಲು ಮೇಷ್ಟ್ರೇ ಬೇಕು.

ಕಂಡದ್ದು, ಇನ್ನೂ ಆಗದ್ದು

"ಫಲಿತಾಂಶ ಎಷ್ಟು ಏರಿತು?" ಎಂದು ಹಲವರು ಕೇಳುತ್ತೀರಿ. ಒಂದು ಶಾಲೆಯ ಒಂದೆರಡು ತಂಡದ ಅಂಕ ಹಿಡಿದು ನಾನು ಡಂಗುರ ಹೊಡೆಯುವುದಿಲ್ಲ. ಒಂದು ವರ್ಷ ಒಳ್ಳೆಯ ತಂಡ ಬಂದರೂ ಅಂಕ ಏರುತ್ತದೆ. ಬದಲಿಗೆ ಸರಿಯಾಗಿ ಅಳೆದ ಒಂದು ಅಧ್ಯಯನ ಹೇಳುತ್ತೇನೆ. ದೆಹಲಿಯಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಸರ್ಕಾರಿ ಶಾಲೆಯ 619 ಮಕ್ಕಳನ್ನು ತೆಗೆದುಕೊಂಡು, ಲಾಟರಿ ಎತ್ತಿ, ಕೆಲವರಿಗೆ ಶಾಲೆ ಬಿಟ್ಟ ಮೇಲೆ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ಕೇಂದ್ರಕ್ಕೆ ಹೋಗುವ ಅವಕಾಶ ಕೊಟ್ಟರು. 2019ರಲ್ಲಿ ಅದು ಪ್ರಕಟವಾಯಿತು. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ನಾಲ್ಕೂವರೆ ತಿಂಗಳಲ್ಲಿ, ಅವಕಾಶ ಸಿಕ್ಕ ಮಕ್ಕಳು ಸಿಗದವರಿಗಿಂತ ಗಣಿತದಲ್ಲೂ ಹಿಂದಿಯಲ್ಲೂ ಸ್ಪಷ್ಟವಾಗಿ ಮುಂದೆ ಹೋದರು. ಅಲ್ಲಿನ ಏರ್ಪಾಡು ಗಮನಿಸಿ: ತೊಂಬತ್ತು ನಿಮಿಷದಲ್ಲಿ ಅರ್ಧ ಹೊತ್ತು ಕಂಪ್ಯೂಟರ್, ಇನ್ನರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಒಬ್ಬ ಬೋಧಕರ ಜೊತೆ. ಕಂಪ್ಯೂಟರ್ ಮಗುವಿನ ತರಗತಿ ಯಾವುದು ಎಂದು ನೋಡಲಿಲ್ಲ, ಮಗು ನಿಜವಾಗಿ ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡಿತು.

ನಮ್ಮಲ್ಲಿ ಕಂಡ ಬದಲಾವಣೆ ಸಣ್ಣದು, ಆದರೆ ಕಣ್ಣಿಗೆ ಕಂಡದ್ದು. ರಜೆ ಹಾಕಿ ಬಂದ ಮಗು ಈಗ ಮಧ್ಯಾಹ್ನ ಊಟವಾದ ಮೇಲೆ ಟ್ಯಾಬ್ ಕೋಣೆಗೆ ಹೋಗಿ ತಪ್ಪಿದ ಪಾಠ ಕೇಳುತ್ತದೆ. ಭಿನ್ನರಾಶಿ ಬಾರದ ಹತ್ತನೇ ತರಗತಿಯ ಹುಡುಗಿ ಐದನೇ ತರಗತಿಯ ಪಾಠವನ್ನು ಯಾರಿಗೂ ಕಾಣದ ಹಾಗೆ ಇಯರ್‌ಫೋನ್ ಹಾಕಿಕೊಂಡು ಕೇಳಬಹುದು. ಕೈಯೆತ್ತಿ "ಗೊತ್ತಿಲ್ಲ" ಅನ್ನುವ ಅವಮಾನವಿಲ್ಲ. ಹದಿನೈದು ವರ್ಷದ ಮಗುವಿಗೆ ಅದು ಎಷ್ಟು ದೊಡ್ಡದು ಎಂದು ನಾವೆಲ್ಲ ಬಲ್ಲೆವು.

ಆಗದೇ ಇರುವುದೂ ಇದೆ. ಹಟ್ಟಿ, ತಾಂಡಾಗಳ ಮಕ್ಕಳಿಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಗತಿಯಿಲ್ಲ. ಅವರಿಗೆ ಸಂಜೆಯ ಹೊತ್ತು ಸಿಗುವುದಿಲ್ಲ. ಆರರಲ್ಲಿ ಎರಡು ಟ್ಯಾಬ್‌ಗಳ ಬ್ಯಾಟರಿ ಈಗಾಗಲೇ ಊದಿಕೊಂಡಿವೆ. ಮೇಡಂಗೆ ವರ್ಗಾವಣೆಯಾದರೆ ಮುಂದೇನು ಎಂಬ ಚಿಂತೆ ನನ್ನನ್ನು ರಾತ್ರಿ ಕಾಡುತ್ತದೆ. ಕನ್ನಡ, ಸಮಾಜ ವಿಜ್ಞಾನಗಳಲ್ಲಿ ಇದನ್ನು ಹೇಗೆ ಮಾಡಬೇಕೆಂದು ನಾವಿನ್ನೂ ಶುರುವೇ ಮಾಡಿಲ್ಲ.

ನನ್ನ ಕೋರಿಕೆ

ಐವತ್ತು ವರ್ಷದ ಹಬ್ಬ. ಹೊಗಳಿಕೊಳ್ಳುವ ಹಕ್ಕು ನಮಗಿದೆ. ಜೊತೆಗೆ ಮುಂದಿನ ಕೆಲಸದ ಮಾತೂ ಆಗಲಿ.

ಶಿಕ್ಷಕ ಬಂಧುಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ. ಇಡೀ ವರ್ಷದ ಪಾಠ ಬದಲಿಸಬೇಡಿ. ಮಕ್ಕಳು ಪ್ರತಿ ವರ್ಷ ಎಡವುವ ಒಂದೇ ಒಂದು ಪಾಠ ಆರಿಸಿ. ಆರು ನಿಮಿಷ ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ, ಮೂರು ಪ್ರಶ್ನೆ ಬರೆಯಿರಿ. ಉಳಿದದ್ದನ್ನು ಜೋಡಿಸುವುದು ನನ್ನ ಕೆಲಸ. ಹಾಗೆ ವರ್ಷಕ್ಕೆ ಹತ್ತು ಪಾಠ ಉಳಿದರೆ, ನಿಮಗೆ ವರ್ಗಾವಣೆಯಾದರೂ ನಿಮ್ಮ ಪಾಠ ಈ ಶಾಲೆಯಲ್ಲಿ ಉಳಿಯುತ್ತದೆ. ನಮ್ಮ ನಿವೃತ್ತ ಗಣಿತ ಮೇಷ್ಟ್ರು ಇಲ್ಲೇ ಕುಳಿತಿದ್ದಾರೆ. ಮೇಷ್ಟ್ರೇ, ಥೇಲ್ಸನ ಪ್ರಮೇಯವನ್ನು ನಿಮ್ಮಿಂದ ರೆಕಾರ್ಡ್ ಮಾಡಿಸದೆ ನಾನು ಊರು ಬಿಡುವುದಿಲ್ಲ.

ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ದಯವಿಟ್ಟು ಹೊಸ ವಸ್ತು ಕೊಡುವ ಮೊದಲು ಹಳೆಯದನ್ನು ರಿಪೇರಿ ಮಾಡಿಸಲು ಹಣ ಕೊಡಿ. ಫಲಕದ ಮೇಲೆ "ಬ್ಯಾಟರಿ ಬದಲಿಸಿದವರು" ಎಂದು ಯಾರ ಹೆಸರನ್ನೂ ಕೆತ್ತುವುದಿಲ್ಲ, ನಿಜ. ಆದರೆ ಪ್ರೊಜೆಕ್ಟರ್ ಬೀರು ಸೇರುವುದು ಆ ಸಣ್ಣ ಖರ್ಚಿಗೆ ಯಾರೂ ದಿಕ್ಕಿಲ್ಲದ್ದರಿಂದ. ಹಣ ಕೊಡಲಾಗದವರು ತಿಂಗಳಿಗೊಂದು ಶನಿವಾರ ಬನ್ನಿ, ಮಕ್ಕಳ ಪಕ್ಕ ಕುಳಿತುಕೊಳ್ಳಿ.

ಊರಿನ ಹಿರಿಯರಲ್ಲಿ, ತಾಯಂದಿರಲ್ಲಿ ನನ್ನ ಪ್ರಾರ್ಥನೆ: ಸಂಜೆ ಒಂದು ಗಂಟೆ ಹೆಣ್ಣುಮಕ್ಕಳನ್ನು ಶಾಲೆಯ ಟ್ಯಾಬ್ ಕೋಣೆಗೆ ಕಳಿಸಿ. ಮನೆಯಲ್ಲಿ ಫೋನು ಕೊಡಲು ನಿಮಗೆ ಭಯವಿರಬಹುದು, ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಕೋಣೆಯಲ್ಲಿ ಇಂಟರ್ನೆಟ್ಟೇ ಇಲ್ಲ, ಪಾಠ ಮಾತ್ರ ಇದೆ, ದೊಡ್ಡವರೊಬ್ಬರು ಸದಾ ಇರುತ್ತಾರೆ. ಹಟ್ಟಿ, ತಾಂಡಾ ಮಕ್ಕಳಿಗೆ ಸಂಜೆ ಆರಕ್ಕೆ ಒಂದು ವಾಹನದ ವ್ಯವಸ್ಥೆ ಆದರೆ, ಈ ಹಬ್ಬದಲ್ಲಿ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಡ.

ಕೊನೆಯದಾಗಿ, ಆ ದೊಡ್ಡವರು ಯಾರು ಎಂದು ಹೇಳಿ ಮುಗಿಸುತ್ತೇನೆ. ಸಂಜೆ ಕೋಣೆಯ ಬೀಗ ತೆಗೆದು, ಟ್ಯಾಬ್ ಎಣಿಸಿ ಕೊಟ್ಟು, ಎಣಿಸಿ ವಾಪಸ್ಸು ತೆಗೆದುಕೊಂಡು, ಚಾರ್ಜಿಗೆ ಹಾಕಿ ಬೀಗ ಹಾಕುವವನು ನನ್ನ ಬೆಂಚಿನ ಗೆಳೆಯ. ಅವನ ಮಗಳು ಈಗ ಹತ್ತನೇ ತರಗತಿ. ತೋಟದ ಕೆಲಸ ಮುಗಿಸಿ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಾನೆ. ಕಳೆದ ತಿಂಗಳು ನಾನು ಹೋದಾಗ ಮಗಳ ಪಕ್ಕ ಕುಳಿತು ತ್ರಿಭುಜದ ಪಾಠ ನೋಡುತ್ತಿದ್ದ. ಒಂದು ಸಲ ನೋಡಿದ, ಮಗಳಿಗೆ ಹೇಳಿ ಮತ್ತೊಂದು ಸಲ ಹಾಕಿಸಿಕೊಂಡ. ಆಮೇಲೆ ಬೀಗ ಹಾಕಿ ಹೊರಗೆ ಬಂದಾಗ, "ಇಪ್ಪತ್ತು ವರ್ಷ ನಾನು ದಡ್ಡ ಅಂದ್ಕೊಂಡಿದ್ದೆ ಕಣೋ. ಇಷ್ಟೇನಾ ಅದು? ಅವತ್ತು ಇನ್ನೊಂದ್ ಸಲ ಯಾರಾದ್ರೂ ಹೇಳಿದ್ರೆ ನಂಗೂ ಬರ್ತಿತ್ತು" ಅಂದ.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಇವತ್ತೂ ತಿಳಿಯದು. ಈ ಶಾಲೆಯಿಂದ ಇನ್ನು ಮುಂದೆ ಹೊರಗೆ ಹೋಗುವ ಒಂದು ಮಗುವೂ ಇಪ್ಪತ್ತು ವರ್ಷ ಬಿಟ್ಟು ಈ ಮಾತು ಹೇಳುವಂತಾಗಬಾರದು. ಮಿಶ್ರ ಕಲಿಕೆ, ಟ್ಯಾಬ್, ತಂತ್ರಾಂಶ ಎಲ್ಲವೂ ಅದಕ್ಕೋಸ್ಕರ.